ರೋದದ ಮಹಾವಿಗ್ರಹವೂ ಅದರ ಚಿತ್ರವೂ



ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯವನ್ನು ತೆರೆದರೆ ಮೊದಲನೆಯ ವಚನದಲ್ಲಿಯೇ ರೋದವೆಂಬ ಒಂದು ದ್ವೀಪದ ಹೆಸರು ಸಿಕ್ಕುವದು. ಪೌಲನೂ ಅವನ ಜೊತೆಯವರೂ ಹಡಗು ಹತ್ತಿ ಕೋಸಿಗೆ ಬಂದು, ಮರುದಿನ ರೋದಕ್ಕೆ ಸೇರಿ, ಅಲ್ಲಿಂದ ಪತರಕ್ಕೆ ಹೋದರೆಂದು ಲೂಕನು ಬರೆದಿದ್ದಾನೆ. ಅಲ್ಲಿ ಅವರು ಏನು ಕಂಡರು, ಯಾರ ಮನೆಯಲ್ಲಿ ಇಳುಕೊಂಡರು ಎಂಬದನ್ನು ಅವನು ಹೇಳಲಿಲ್ಲ. ಓದುವವರು ಈ ಹೆಸರನ್ನು ಒಂದೇ ಉಸುರಿನಲ್ಲಿ ದಾಟಿ ಹೋಗುವದುಂಟು.

ಆದರೆ ಈ ದ್ವೀಪದ ವಿಷಯವಾದ ಒಂದು ಚಿತ್ರವು ಲೋಕದಲ್ಲೆಲ್ಲಾ ಹರಡಿಕೊಂಡಿದೆ. ಬೆಟ್ಟದಂಥ ಒಬ್ಬ ಪುರುಷನು ಬಂದರಿನ ಬಾಯಲ್ಲಿ ಒಂದು ಕಾಲನ್ನು ಈ ದಡದಲ್ಲಿಯೂ ಇನ್ನೊಂದನ್ನು ಆ ದಡದಲ್ಲಿಯೂ ಊರಿ ನಿಂತಿದ್ದಾನೆ. ಅವನ ತಲೆಯ ಸುತ್ತಲೂ ಸೂರ್ಯಕಿರಣಗಳು. ಹಾಯಿ ಬಿಚ್ಚಿದ ಹಡಗುಗಳು ಅವನ ಎರಡು ಕಾಲುಗಳ ನಡುವೆ ತೂರಿ ಹೋಗುತ್ತವೆ. ಪುರಾತನ ಲೋಕದ ಏಳು ಅದ್ಭುತಗಳಲ್ಲಿ ಒಂದಾದ ರೋದದ ಮಹಾವಿಗ್ರಹವು ಇದೇ ಎಂದು ಚಿತ್ರದ ಕೆಳಗೆ ಬರೆದಿರುವದು.

ನಾನು ಸೆಮಿನೆರಿಯಲ್ಲಿ ಓದುತ್ತಿದ್ದಾಗ ಒಂದು ಹಳೆಯ ಪುಸ್ತಕದಲ್ಲಿ ಈ ಚಿತ್ರವನ್ನು ಕಂಡೆನು. ಅದು ನನ್ನ ಮನಸ್ಸಿನಲ್ಲಿ ಎಷ್ಟು ಬಲವಾಗಿ ನಾಟಿತೆಂದರೆ, ಉಪದೇಶಿಯಾಗಿ ಕರಾವಳಿಯ ಒಂದು ಸಭೆಗೆ ಬಂದ ಮೇಲೆ ಆದಿತ್ಯವಾರದ ಶಾಲೆಯಲ್ಲಿ ಮೇಲಿನ ವಚನವನ್ನು ಕಲಿಸುವಾಗ, "ಪೌಲನ ಹಡಗು ಹೋದ ಬಂದರಿನಲ್ಲಿ ಇಂಥ ವಿಗ್ರಹವು ನಿಂತಿತ್ತು, ಅದರ ಕಾಲುಗಳ ನಡುವೆಯೇ ಹಡಗುಗಳು ಹೋಗುತ್ತಿದ್ದವು, ಆಮೇಲೆ ಅದು ಭೂಕಂಪದಿಂದ ಬಿತ್ತು" ಎಂದು ಹೇಳಿ, ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಅದನ್ನು ಬರೆದು ತೋರಿಸಿದೆನು. ಮಕ್ಕಳು ಬಾಯಿಬಿಟ್ಟು ನೋಡಿದರು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ, ದೋಣಿ ನಡಿಸುವವರ ಮನೆಯ ಒಬ್ಬ ಹುಡುಗನು ಎದ್ದು, "ಅಯ್ಯಾ, ಅಷ್ಟು ದೊಡ್ಡದು ಅಳಿವೆಯ ಬಾಯಲ್ಲಿ ಬಿದ್ದರೆ ಆ ಮೇಲೆ ಹಡಗುಗಳು ಯಾವ ದಾರಿಯಿಂದ ಒಳಗೆ ಬಂದವು?" ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. "ಆಮೇಲೆ ಅದನ್ನು ತೆಗೆದುಹಾಕಿರಬೇಕು" ಎಂದು ಹೇಳಿ ಪಾಠವನ್ನು ಮುಂದಕ್ಕೆ ಸಾಗಿಸಿದೆನು. ಹುಡುಗನು ಕೂತುಕೊಂಡನು, ಆದರೆ ಅವನು ನಂಬಲಿಲ್ಲವೆಂಬದು ಅವನ ಮುಖದಿಂದಲೇ ತಿಳಿಯಿತು. ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ಮುಂದಿನ ವಾರವೆಲ್ಲಾ ನಾನು ಪುಸ್ತಕಗಳನ್ನು ಹುಡುಕಿ ಓದಿದೆನು. ಹುಡುಗನು ಹೇಳಿದ್ದೇ ಸರಿ, ನಾನು ಹೇಳಿದ್ದೇ ತಪ್ಪು ಎಂದು ಗೊತ್ತಾಯಿತು. ಓದಿ ತಿಳುಕೊಂಡದ್ದನ್ನು ಈಗ ನಿಮ್ಮ ಮುಂದೆ ಕ್ರಮವಾಗಿ ಇಡುತ್ತೇನೆ.

1. ವಿಗ್ರಹವು ಉಂಟಾದದ್ದು ಹೇಗೆ?

ರೋದವು ಚಿಕ್ಕ ಆಸ್ಯದ ನೈರುತ್ಯ ಮೂಲೆಗೆ ಸಮೀಪವಾಗಿ ಸಮುದ್ರದಲ್ಲಿರುವ ದ್ವೀಪ. ಈಗ ಅದು ಗ್ರೀಸ್ ದೇಶಕ್ಕೆ ಸೇರಿದೆ. ಮಹಾ ಅಲೆಕ್ಸಾಂದರನು ಕ್ರಿ. ಪೂ. 323ರಲ್ಲಿ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯಕ್ಕಾಗಿ ತಮ್ಮತಮ್ಮೊಳಗೆ ಕಾದಾಡಿದರು. ಅವರಲ್ಲಿ ಅಂತಿಗೋನನೆಂಬವನು, ಐಗುಪ್ತವನ್ನು ಆಳುತ್ತಿದ್ದ ಪ್ತೊಲೆಮಾಯನಿಗೆ ವಿರೋಧವಾಗಿ ತನ್ನ ಪಕ್ಷವನ್ನು ಹಿಡಿಯಬೇಕೆಂದು ರೋದದವರನ್ನು ಕೇಳಿದನು. ರೋದದವರು ಐಗುಪ್ತದ ಸಂಗಡ ವ್ಯಾಪಾರಮಾಡಿ ಬದುಕುವ ಹಡಗಿನವರಾದದರಿಂದ ಒಪ್ಪಲಿಲ್ಲ. ಆಗ ಅಂತಿಗೋನನ ಮಗನಾದ ದೇಮೇತ್ರಿಯನು ಕ್ರಿ. ಪೂ. 305ರಲ್ಲಿ ದೊಡ್ಡ ದಂಡಿನೊಡನೆ ಬಂದು ಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಗೋಡೆಗಳನ್ನು ಒಡೆಯುವದಕ್ಕೆ ಅವನು ಒಂಭತ್ತು ಅಂತಸ್ತಿನ ಒಂದು ಮರದ ಗೋಪುರವನ್ನು ಮಾಡಿಸಿ, ಅದಕ್ಕೆ ಕಬ್ಬಿಣದ ತಗಡುಗಳನ್ನು ಹೊದಿಸಿ, ಗಾಲಿಗಳ ಮೇಲೆ ತಳ್ಳಿಸಿದನು. ಅಷ್ಟಾದರೂ ಪಟ್ಟಣವು ಬೀಳಲಿಲ್ಲ. ಮುಂದಿನ ವರುಷ ಅವನು ಒಪ್ಪಂದಮಾಡಿಕೊಂಡು, ತನ್ನ ಯುದ್ಧಯಂತ್ರಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋದನು.

ರೋದದವರು ಆ ಯಂತ್ರಗಳನ್ನು ಮಾರಿದರು. 300 ತಲಾಂತು ಹಣ ಬಂತು. ತಮ್ಮನ್ನು ಕಾದವನು ಸೂರ್ಯದೇವನಾದ ಹೇಲಿಯೊಸನು ಎಂದು ಅವರು ಎಣಿಸಿದದರಿಂದ, ಆ ಹಣದಿಂದ ಅವನಿಗೆ ಒಂದು ವಿಗ್ರಹವನ್ನು ಮಾಡಿಸಬೇಕೆಂದು ನಿಶ್ಚಯಿಸಿದರು. ಆ ದ್ವೀಪದ ಲಿಂದೊಸ್ ಊರಿನವನೂ, ಲುಸಿಪ್ಪನೆಂಬ ಪ್ರಸಿದ್ಧ ಶಿಲ್ಪಿಯ ಶಿಷ್ಯನೂ ಆಗಿದ್ದ ಖಾರೇಸನಿಗೆ ಕೆಲಸವನ್ನು ಒಪ್ಪಿಸಿದರು. ಅವನಿಗೆ 12 ವರುಷ ಹಿಡಿಯಿತು. ಕ್ರಿ. ಪೂ. 280ರ ಸುಮಾರಿಗೆ ವಿಗ್ರಹವು ಮುಗಿಯಿತು.

ಅದರ ಎತ್ತರವು 70 ಮೊಳ, ಅಂದರೆ ಸುಮಾರು 32 ಮೀಟರು. ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ದೂರಾ ಬೈಲಿನಲ್ಲಿ ನಿಲ್ಲಿಸಿದ ಪ್ರತಿಮೆಯು 60 ಮೊಳವೆಂದು ದಾನಿಯೇಲನ 3ನೆಯ ಅಧ್ಯಾಯದಲ್ಲಿ ಓದುತ್ತೇವಷ್ಟೇ. ಇದು ಅದಕ್ಕಿಂತಲೂ 10 ಮೊಳ ಹೆಚ್ಚು. ಸಾಧಾರಣವಾದ ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಈ ಎತ್ತರವು ಬರುವದು.

ಇಷ್ಟು ದೊಡ್ಡ ಕಂಚಿನ ಮೂರ್ತಿಯನ್ನು ಮಾಡಿದ್ದು ಹೇಗೆ? ಫಿಲೋನನ ಹೆಸರಿನಲ್ಲಿರುವ, ಏಳು ಅದ್ಭುತಗಳ ವಿಷಯವಾದ ಒಂದು ಚಿಕ್ಕ ಗ್ರಂಥವು ಇದನ್ನು ಹೇಳುತ್ತದೆ. ಬಿಳೀ ಅಮೃತಶಿಲೆಯ ಪೀಠದ ಮೇಲೆ ಮೊದಲು ಪಾದಗಳನ್ನು ಕೂಡಿಸಿದರು. ಒಳಗೆ ಕಬ್ಬಿಣದ ಚೌಕಟ್ಟನ್ನು ಕಟ್ಟಿ, ಭಾರಕ್ಕೋಸ್ಕರ ಕಲ್ಲುಗಳನ್ನು ಇಟ್ಟರು. ಒಂದು ಮೂರ್ತಿಯ ಭಾಗಗಳನ್ನು ಬೇರೆ ಬೇರೆ ಎರಕಹೊಯ್ದು ಆಮೇಲೆ ಜೋಡಿಸುವಂತೆ ಇಲ್ಲಿ ಮಾಡಲಾಗಲಿಲ್ಲ. ಒಂದು ಭಾಗ ಮುಗಿದ ಮೇಲೆ ಅದರ ಮೇಲೆಯೇ ಮುಂದಿನ ಭಾಗವನ್ನು ಹೊಯ್ದರು. ಮೂರ್ತಿಯು ಏರಿದಂತೆಲ್ಲಾ ಸುತ್ತಲೂ ಮಣ್ಣಿನ ದಿಬ್ಬವನ್ನು ಏರಿಸುತ್ತಾ ಬಂದದರಿಂದ ಕೆಲಸದವರು ಯಾವಾಗಲೂ ನೆಲದ ಮೇಲೆ ನಿಂತು ಕೆಲಸಮಾಡಿದಂತೆ ಆಯಿತು. ಹೀಗೆ 500 ತಲಾಂತು ಕಂಚೂ 300 ತಲಾಂತು ಕಬ್ಬಿಣವೂ ಮುಗಿದವೆಂದು ಆ ಗ್ರಂಥದಲ್ಲಿದೆ. ಆದರೆ ಈ ಗ್ರಂಥವು ವಿಗ್ರಹವು ಬಿದ್ದು ಅನೇಕ ಶತಮಾನಗಳಾದ ಮೇಲೆ ಬರೆದದ್ದೆಂದು ಪಂಡಿತರು ಎಣಿಸುತ್ತಾರೆ. ಹರ್ಬರ್ಟ್ ಮೇರಿಯನ್ ಎಂಬ ಆಂಗ್ಲ ಶಿಲ್ಪಿಯು 1956ರಲ್ಲಿ ಒಂದು ಲೇಖವನ್ನು ಅಚ್ಚುಹಾಕಿಸಿ, ಅದು ಎರಕದ್ದಲ್ಲ, ಬಡಿದು ತೆಳ್ಳಗೆ ಮಾಡಿದ ಕಂಚಿನ ತಗಡುಗಳನ್ನು ಚೌಕಟ್ಟಿಗೆ ಹೊದಿಸಿದ್ದು ಎಂದು ವಾದಿಸಿದನು. ಆ ವಾದವನ್ನು ಒಪ್ಪದವರೂ ಇದ್ದಾರೆ.

2. ಅದು ಬಿದ್ದದ್ದು ಹೇಗೆ?

12 ವರುಷ ಕಷ್ಟಪಟ್ಟು ಎತ್ತಿದ್ದು ನಿಂತದ್ದು ಸುಮಾರು 55 ವರುಷ ಮಾತ್ರ. ಕ್ರಿ. ಪೂ. 226ರ ಸುಮಾರಿಗೆ ದೊಡ್ಡ ಭೂಕಂಪವಾಗಿ ಪಟ್ಟಣದ ಬಹು ಭಾಗವೂ ಹಡಗು ಕಟ್ಟುವ ಸ್ಥಳಗಳೂ ಹಾಳಾದವು. ವಿಗ್ರಹವೂ ಮೊಣಕಾಲುಗಳಲ್ಲಿ ಮುರಿದು ಬಿತ್ತು. ಅದನ್ನು ತಿರಿಗಿ ಎತ್ತುವದಕ್ಕೆ ಐಗುಪ್ತದ ಅರಸನು ಸಹಾಯಕೊಡುತ್ತೇನೆಂದನು. ಆದರೆ ಎತ್ತಬಾರದೆಂದು ಒಂದು ದೇವವಾಣಿಯಾಯಿತೆಂದು ರೋದದವರು ಹೇಳಿ, ಬಿದ್ದಲ್ಲಿಯೇ ಬಿಟ್ಟರು.

ಕ್ರಿಸ್ತನ ಜನನದ ಕಾಲದಲ್ಲಿ ಜೀವಿಸಿದ್ದ ಸ್ತ್ರಾಬೋ ಎಂಬ ಭೂಗೋಳಶಾಸ್ತ್ರಿಯು ಅದು ಮೊಣಕಾಲುಗಳಲ್ಲಿ ಮುರಿದು ಬಿದ್ದುಕೊಂಡಿದೆ ಎಂದು ಬರೆದನು. ಕ್ರಿ. ಶ. 79ರಲ್ಲಿ ವೆಸೂವಿಯ ಅಗ್ನಿಪರ್ವತವು ಸಿಡಿದಾಗ ಸತ್ತ ರೋಮಿನ ಪ್ಲಿನಿಯು ಇನ್ನೂ ಹೆಚ್ಚಾಗಿ ಹೇಳುತ್ತಾನೆ: ಅದರ ಹೆಬ್ಬೆರಳನ್ನು ಎರಡು ತೋಳುಗಳಿಂದ ತಬ್ಬಿಕೊಳ್ಳಬಲ್ಲವರು ಕೆಲವರೇ; ಅದರ ಬೆರಳುಗಳು ಬೇರೆ ಅನೇಕ ವಿಗ್ರಹಗಳಿಗಿಂತ ದೊಡ್ಡವು; ಮುರಿದ ಅಂಗಗಳೊಳಗೆ ಗುಹೆಗಳಂಥ ಪೊಳ್ಳುಗಳೂ, ಶಿಲ್ಪಿಯು ಭಾರಕ್ಕೆಂದು ಇಟ್ಟ ದೊಡ್ಡ ಬಂಡೆಗಳೂ ಕಾಣುತ್ತವೆ.

ಪೌಲನು ರೋದಕ್ಕೆ ಬಂದದ್ದು ಕ್ರಿ. ಶ. 57ರ ಸುಮಾರಿಗೆ, ಅಂದರೆ ಸ್ತ್ರಾಬೋನ ಕಾಲಕ್ಕೂ ಪ್ಲಿನಿಯ ಮರಣಕ್ಕೂ ನಡುವೆ. ಆದದರಿಂದ ಆಗ ಆ ವಿಗ್ರಹವು ಬಿದ್ದು ಸುಮಾರು 280 ವರುಷಗಳಾಗಿದ್ದವು. ನಿಂತ ವಿಗ್ರಹದ ಕೆಳಗೆ ಪೌಲನ ಹಡಗು ಹೋಯಿತೆಂದು ನಾನು ಹೇಳಿದ್ದು ಶುದ್ಧ ತಪ್ಪು. ಬಿದ್ದಿದ್ದ ತುಂಡುಗಳನ್ನು ಅವನು ಕಂಡನೆಂದು ಹೇಳುವದಕ್ಕೂ ನಮಗೆ ಅಧಿಕಾರವಿಲ್ಲ. ಲೂಕನು ಅದನ್ನು ಹೇಳಲಿಲ್ಲ.

ಕಡೆಗೆ ಕ್ರಿ. ಶ. 653ರ ಸುಮಾರಿಗೆ ಅರಬರ ದಂಡು ದ್ವೀಪವನ್ನು ಹಿಡಿಯಿತು. ಆಗ ಆ ಕಂಚನ್ನು ಎದೆಸ್ಸ ಪಟ್ಟಣದ ಒಬ್ಬ ಯೆಹೂದ್ಯ ವರ್ತಕನಿಗೆ ಮಾರಿದರೆಂದೂ, ಅವನು ಅದನ್ನು 900 ಒಂಟೆಗಳ ಮೇಲೆ ಹೇರಿಕೊಂಡು ಹೋದನೆಂದೂ ಥೆಯೊಫಾನನೆಂಬ ಸಂನ್ಯಾಸಿಯು ಬರೆದಿದ್ದಾನೆ. ಆದರೆ ಅವನು ಬರೆದದ್ದು ಸುಮಾರು 150 ವರುಷಗಳ ತರುವಾಯ. ಇಲ್ಲಿ ಸ್ವಲ್ಪ ಲೆಕ್ಕಮಾಡೋಣ. ಒಂದು ತಲಾಂತು ಸುಮಾರು 26 ಕಿಲೋಗ್ರಾಮು. ಹಾಗಾದರೆ 500 ತಲಾಂತು ಕಂಚೂ 300 ತಲಾಂತು ಕಬ್ಬಿಣವೂ ಕೂಡಿ 21 ಸಾವಿರ ಕಿಲೋಗ್ರಾಮಿಗಿಂತ ಕೊಂಚ ಕಡಿಮೆ. ಒಂದು ಒಂಟೆಯು 200 ಕಿಲೋಗ್ರಾಮು ಹೊರುವದೆಂದರೆ ಸುಮಾರು 100 ಒಂಟೆಗಳು ಸಾಕು. ಫಿಲೋನನ ಗ್ರಂಥದ ಲೆಕ್ಕವೂ ಥೆಯೊಫಾನನ ಲೆಕ್ಕವೂ ಕೂಡಿ ನಿಜವಾಗಲಾರವು. ಈ ಮಾರಾಟದ ಕಥೆಯನ್ನೇ ಸಂದೇಹಿಸುವ ಪಂಡಿತರು ಈಗ ಅನೇಕರಿದ್ದಾರೆ. ಹೇಗಾದರೂ ಇರಲಿ, ಆ ವಿಗ್ರಹದ ಒಂದು ತುಂಡಾದರೂ ಈಗ ಉಳಿದಿಲ್ಲ.

3. ಕಾಲು ಚಾಚಿದ ಕಥೆಯು ಎಲ್ಲಿಂದ ಬಂತು?

ಈಗ ಮುಖ್ಯವಾದ ಸಂಗತಿಗೆ ಬರೋಣ. ಸ್ತ್ರಾಬೋ, ಪ್ಲಿನಿ, ಫಿಲೋನನ ಹೆಸರಿನ ಗ್ರಂಥ, ಇವುಗಳಲ್ಲಿ ಯಾವದನ್ನು ನೋಡಿದರೂ ವಿಗ್ರಹವು ಬಂದರಿನ ಎರಡು ದಡಗಳಲ್ಲಿ ಕಾಲೂರಿ ನಿಂತಿತ್ತೆಂಬ ಮಾತಿಲ್ಲ. ಹೆಬ್ಬೆರಳಿನ ಗಾತ್ರವನ್ನು ಕೂಡ ಬರೆದಿಟ್ಟ ಪ್ಲಿನಿಯು, ಹಡಗುಗಳು ಕಾಲುಗಳ ನಡುವೆ ಹೋಗುತ್ತಿದ್ದರೆ ಅದನ್ನು ಹೇಳದೆ ಬಿಡುತ್ತಿದ್ದನೋ?

ಈ ಕಥೆಯು ನಮಗೆ ಕೇಳಿಬರುವದು ಬಹು ತಡವಾಗಿ. 1395ರ ಸುಮಾರಿಗೆ ನಿಕೊಲ ದೆ ಮಾರ್ತೋನಿ ಎಂಬ ಇಟಲಿ ದೇಶದ ಯಾತ್ರಿಕನು ಯೆರೂಸಲೇಮಿನ ಪ್ರಯಾಣದಲ್ಲಿ ರೋದಕ್ಕೆ ಬಂದಾಗ, ಪೂರ್ವದಲ್ಲಿ ಇಲ್ಲಿ ಒಂದು ಮಹಾವಿಗ್ರಹವಿದ್ದು, ಅದರ ಒಂದು ಕಾಲು ಸಂತ ನಿಕೊಲಾಯನ ದೇವಾಲಯವಿರುವ ಕಟ್ಟೆಯ ತುದಿಯಲ್ಲಿಯೂ ಇನ್ನೊಂದು ಎದುರುಗಡೆಯಲ್ಲಿಯೂ ಇತ್ತೆಂಬ ಮಾತನ್ನು ಕೇಳಿ ಬರೆದುಕೊಂಡನು. ಅವನು ಕಂಡು ಬರೆದದ್ದಲ್ಲ, ಕೇಳಿ ಬರೆದದ್ದು. ವಿಗ್ರಹವು ಬಿದ್ದು ಆಗಲೇ ಸುಮಾರು 1600 ವರುಷಗಳಾಗಿದ್ದವು. ಬಂದರಿನವರು ದೂರದಿಂದ ಬಂದ ಯಾತ್ರಿಕರಿಗೆ ತಮ್ಮ ಊರಿನ ಹೆಚ್ಚಳವನ್ನು ಹೇಳುವಾಗ ಸ್ವಲ್ಪ ಹೆಚ್ಚಿಸಿಯೇ ಹೇಳುವದು ಎಲ್ಲಾ ಕಾಲದಲ್ಲಿಯೂ ಉಂಟು.

ಇದೇ ಕಾಲದಲ್ಲಿ ಮತ್ತೊಂದು ತಪ್ಪೂ ಹುಟ್ಟಿಕೊಂಡಿತು. ಇದು ಸತ್ಯವೇದವನ್ನು ಓದುವ ನಮಗೆ ತಿಳಿದಿರಬೇಕು. ವಿಗ್ರಹಕ್ಕೆ ಗ್ರೀಕ್ ಭಾಷೆಯಲ್ಲಿ ಕೊಲೊಸ್ಸೊಸ್ ಎಂಬ ಹೆಸರಿತ್ತು. ಈ ಶಬ್ದವನ್ನು ಹಿಡಿದುಕೊಂಡು, ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ರೋದದವರಿಗೆ ಬರೆದದ್ದು ಎಂದು ಅನೇಕರು ಎಣಿಸಿದರು. ರೋಮಿನ ಸಭೆಗೆ ಸೇರಿದ ರೋದದ ಮಹಾಧ್ಯಕ್ಷನಿಗೆ ಕೊಲೊಸ್ಸೆಯ ಮಹಾಧ್ಯಕ್ಷನೆಂಬ ಬಿರುದೇ ನಡೆಯಿತು. ನಿಜವಾಗಿ ಕೊಲೊಸ್ಸೆಯು ಸಮುದ್ರದಿಂದ ಬಹು ದೂರದಲ್ಲಿ, ಚಿಕ್ಕ ಆಸ್ಯದ ಒಳನಾಡಿನಲ್ಲಿ, ಲವೊದಿಕೀಯಕ್ಕೂ ಹಿಯೆರಾಪೊಲಿಗೂ ಹತ್ತರದಲ್ಲಿದ್ದ ಊರು. ಆ ಪತ್ರಿಕೆಯ 4ನೆಯ ಅಧ್ಯಾಯದ 13ನೆಯ ವಚನದಲ್ಲಿಯೇ ಈ ಮೂರು ಸಭೆಗಳ ನೆರೆಹೊರೆಯು ಕಾಣುತ್ತದೆ. ಪತ್ರಿಕೆಯನ್ನು ಕಡೇ ವರೆಗೆ ಓದಿದ್ದರೆ ತಪ್ಪು ತಿದ್ದಿಹೋಗುತ್ತಿತ್ತು. ಹೆಸರಿನ ಧ್ವನಿಯನ್ನು ಕೇಳಿ ನಿಂತುಬಿಟ್ಟದರಿಂದ ತಪ್ಪು ಉಳಿಯಿತು.

4. ಚಿತ್ರಗಾರನು ಯಾರು?

ಕಥೆಯು ಕಿವಿಯಿಂದ ಕಿವಿಗೆ ಹೋಗುತ್ತಿದ್ದಷ್ಟು ಕಾಲ ಕೆಲವರಿಗೆ ಮಾತ್ರ ಗೊತ್ತಿತ್ತು. ಅದನ್ನು ಲೋಕದ ಕಣ್ಣಮುಂದೆ ನಿಲ್ಲಿಸಿದವರಲ್ಲಿ ಮುಖ್ಯನು ಮಾರ್ಟನ್ ಫಾನ್ ಹೇಮ್ಸ್ಕೆರ್ಕ್ ಎಂಬ ಹಾಲೆಂಡ್ ದೇಶದವನು. ಅವನು 1498ರಲ್ಲಿ ಹೇಮ್ಸ್ಕೆರ್ಕ್ ಎಂಬ ಹಳ್ಳಿಯಲ್ಲಿ ಒಬ್ಬ ಬೇಸಾಯಗಾರನ ಮಗನಾಗಿ ಹುಟ್ಟಿ, ಚಿತ್ರ ಬರೆಯುವದನ್ನು ಕಲಿತು, ಹಾರ್ಲೆಮ್ ಪಟ್ಟಣದಲ್ಲಿ ದೊಡ್ಡ ಹೆಸರು ಪಡೆದನು. 1532ರಿಂದ ಕೆಲವು ವರುಷ ರೋಮಿನಲ್ಲಿದ್ದು ಅಲ್ಲಿಯ ಹಳೇ ಕಟ್ಟಡಗಳನ್ನೂ ವಿಗ್ರಹಗಳನ್ನೂ ದಿನದಿನವೂ ನೋಡಿ ಕಾಗದದ ಮೇಲೆ ಇಳಿಸಿದನು.

ಊರಿಗೆ ಹಿಂದಿರುಗಿ ಮುದುಕನಾದ ಮೇಲೆ ಅವನು ಲೋಕದ ಅದ್ಭುತಗಳ ಎಂಟು ಚಿತ್ರಗಳನ್ನು ಬರೆದನು. ಪ್ರಸಿದ್ಧವಾದ ಏಳು ಅದ್ಭುತಗಳಿಗೆ ರೋಮಿನ ಕೊಲೊಸ್ಸೇಯವನ್ನು ಎಂಟನೆಯದಾಗಿ ಕೂಡಿಸಿದನು. ಫಿಲಿಪ್ಸ್ ಗಾಲ್ಲೆ ಎಂಬವನು ಅವುಗಳನ್ನು ತಾಮ್ರದ ತಗಡಿನಲ್ಲಿ ಕೊರೆದನು. 1572ರಲ್ಲಿ ಅವು ಅಚ್ಚಾಗಿ ಹೊರಟವು. ಪ್ರತಿಯೊಂದರ ಕೆಳಗೆ ಹಾದ್ರಿಯಾನ್ ಯೂನಿಯನೆಂಬ ವೈದ್ಯನು ಬರೆದ ಲತೀನ್ ಪದ್ಯವಿತ್ತು. ರೋದದ ಚಿತ್ರದಲ್ಲಿ ಸೂರ್ಯಕಿರಣಗಳ ಕಿರೀಟವುಳ್ಳ ಮಹಾಪುರುಷನು ಬಂದರಿನ ಎರಡು ಪಕ್ಕಗಳಲ್ಲಿ ಕಾಲೂರಿ ನಿಂತಿದ್ದಾನೆ, ಹಡಗುಗಳು ಕೆಳಗೆ ಸಾಗುತ್ತವೆ.

ತಾಮ್ರದ ತಗಡಿನ ಅಚ್ಚು ಎಂದರೇನೆಂದು ಕೆಲವರು ಕೇಳಬಹುದು. ನಯವಾದ ತಗಡಿನ ಮೇಲೆ ಚೂಪಾದ ಉಕ್ಕಿನ ಕಡ್ಡಿಯಿಂದ ಗೆರೆಗೆರೆಯಾಗಿ ಕೊರೆದು, ಆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಭಾಗವನ್ನು ಒರಸಿ, ಒದ್ದೆ ಕಾಗದವನ್ನಿಟ್ಟು ಬಲವಾಗಿ ಒತ್ತಿದರೆ ಗೆರೆಗಳಲ್ಲಿರುವ ಮಸಿಯು ಕಾಗದಕ್ಕೆ ಬರುವದು. ಬಣ್ಣದ ಚಿತ್ರವು ಒಂದೇ; ಅದು ಒಬ್ಬ ಐಶ್ವರ್ಯವಂತನ ಮನೆಯಲ್ಲಿ ಉಳಿಯುವದು. ತಗಡಿನಿಂದಲಾದರೋ ನೂರಾರು ಪ್ರತಿಗಳನ್ನು ತೆಗೆಯಬಹುದು, ಅವು ದೇಶದಿಂದ ದೇಶಕ್ಕೆ ಹೋಗುವವು, ಅವುಗಳನ್ನು ನೋಡಿ ಬೇರೆಯವರು ಮತ್ತೆ ಕೊರೆಯುವರು. ಈ ಚಿತ್ರಕ್ಕೆ ಹಾಗೆಯೇ ಆಯಿತು. 1721ರಲ್ಲಿ ಫಿಷರ್ ಫಾನ್ ಎರ್ಲಾಖ್ ಎಂಬ ಆಸ್ಟ್ರಿಯದ ಕಟ್ಟಡಗಾರನು ತನ್ನ ದೊಡ್ಡ ಪುಸ್ತಕದಲ್ಲಿ ವಿಗ್ರಹವನ್ನು ಕಾಲು ಚಾಚಿ ನಿಂತಂತೆಯೇ ಬರೆದನು. ಶಾಲೆಯ ಪುಸ್ತಕಗಳೂ ಅದನ್ನೇ ತೆಗೆದುಕೊಂಡವು. ಅಮೆರಿಕದ ಎಮ್ಮಾ ಲಾಜರಸ್ ಎಂಬಾಕೆಯು ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದ ಪ್ರತಿಮೆಗಾಗಿ 1883ರಲ್ಲಿ ಬರೆದ ಪದ್ಯದಲ್ಲಿ ಕೂಡ, ಎರಡು ನೆಲಗಳಲ್ಲಿ ಕಾಲಿಟ್ಟ ಗ್ರೀಕ್ ವಿಗ್ರಹದ ಮಾತು ಬರುತ್ತದೆ. ಕಡೆಗೆ ಆ ಚಿತ್ರದ ನೆರಳು ನಮ್ಮ ಆದಿತ್ಯವಾರದ ಶಾಲೆಯ ಹಲಗೆಯ ವರೆಗೂ ಬಂದು ಮುಟ್ಟಿತು.

ಹೇಮ್ಸ್ಕೆರ್ಕನು ಸುಳ್ಳುಗಾರನಾಗಿದ್ದನೋ? ಇಲ್ಲ. ಅವನು ತಾನು ಕಂಡೆನೆಂದು ಎಲ್ಲಿಯೂ ಹೇಳಲಿಲ್ಲ. ಬಿದ್ದು 1800 ವರುಷಗಳಾದದ್ದನ್ನು ಯಾರು ಕಾಣಬಲ್ಲರು? ಇದ್ದ ಮಾತನ್ನು ತೆಗೆದುಕೊಂಡು, ತನ್ನ ಮನಸ್ಸಿನಲ್ಲಿ ರೂಪವನ್ನು ಕಟ್ಟಿ, ಒಳ್ಳೇ ಕೈಯಿಂದ ಬರೆದನು. ಇಲ್ಲಿ ಒಂದು ವಿಶೇಷವನ್ನು ಗಮನಿಸಿರಿ. ಅದೇ ಮನುಷ್ಯನು ರೋಮಿನಲ್ಲಿ ಬರೆದ ಹಾಳೆಗಳು ಈಗ ಬರ್ಲಿನ್ ಪಟ್ಟಣದಲ್ಲಿವೆ. ಆ ಕಾಲದಲ್ಲಿ ರೋಮಿನ ಸಂತ ಪೇತ್ರನ ಮಹಾದೇವಾಲಯವನ್ನು ಹೊಸದಾಗಿ ಕಟ್ಟುತ್ತಿದ್ದರು. ಹಳೆಯದು ಅರ್ಧ ಕೆಡವಿ, ಹೊಸದು ಅರ್ಧ ಎದ್ದು ನಿಂತದ್ದನ್ನು ಅವನು ಕಂಡಂತೆಯೇ ಬರೆದಿದ್ದಾನೆ. ಆ ಕಟ್ಟಡದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ ಹಾಳೆಗಳನ್ನು ಸಾಕ್ಷಿಯಾಗಿ ಹಿಡಿಯುತ್ತಾರೆ. ಕೈ ಒಂದೇ, ಜಾಣತನ ಒಂದೇ. ಆದರೆ ರೋಮಿನ ಚಿತ್ರವು ಸಾಕ್ಷಿ, ರೋದದ ಚಿತ್ರವು ಸಾಕ್ಷಿಯಲ್ಲ. ಯಾಕೆ? ಒಂದನ್ನು ಅವನು ಕಂಡನು, ಇನ್ನೊಂದನ್ನು ಕಾಣಲಿಲ್ಲ. ಚಿತ್ರದ ಅಂದವು ಈ ಭೇದವನ್ನು ತೋರಿಸದು. ನಾವು ಕೇಳಿ ತಿಳಿಯಬೇಕು.

5. ಹುಡುಗನ ಪ್ರಶ್ನೆ

ಈಗ ನಮ್ಮ ಹುಡುಗನ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಪಂಡಿತರು ಹೇಳುವ ಕಾರಣಗಳು ಇವೇ.

ಮೊದಲನೆಯದು, ಅಳತೆ. ಒಬ್ಬ ಮನುಷ್ಯನು ಕಾಲುಗಳನ್ನು ಚೆನ್ನಾಗಿ ಅಗಲಿಸಿ ನಿಂತರೆ ಪಾದಗಳ ನಡುವೆ ಅವನ ಎತ್ತರದ ಅರ್ಧದಷ್ಟು ಸ್ಥಳವಿರುವದು. 70 ಮೊಳದ ವಿಗ್ರಹಕ್ಕೆ 35 ಮೊಳವಾಗುವದು. ಬಂದರಿನ ಬಾಯಿಯು ಅದಕ್ಕಿಂತ ಬಹಳ ಅಗಲ.

ಎರಡನೆಯದು, ಭಾರ. ಮಣ್ಣಿನ ಗೋಡೆಯನ್ನು ಕಟ್ಟುವವನಿಗೂ ಗೊತ್ತು, ಭಾರವು ನೆಟ್ಟಗೆ ಕೆಳಗೆ ಇಳಿಯಬೇಕು. ಓರೆಯಾಗಿ ಚಾಚಿದ ಎರಡು ಕಂಚಿನ ಕಾಲುಗಳು ಅಂಥ ದೇಹವನ್ನು ಗಾಳಿಯಲ್ಲಿ ಹೊತ್ತು ನಿಲ್ಲಲಾರವು.

ಮೂರನೆಯದು, ಕಟ್ಟುವ ಕಾಲ. ಸುತ್ತಲೂ ಮಣ್ಣಿನ ದಿಬ್ಬವನ್ನು ಏರಿಸಿ ಕಟ್ಟಿದ್ದೇ ನಿಜವಾದರೆ, 12 ವರುಷ ಬಂದರಿನ ಬಾಯನ್ನು ಮುಚ್ಚಬೇಕಾಗಿತ್ತು. ಹಡಗುಗಳಿಂದಲೇ ಬದುಕುವವರು ತಮ್ಮ ಬಾಗಲನ್ನು ತಾವೇ ಮುಚ್ಚಿಕೊಳ್ಳುವರೋ?

ನಾಲ್ಕನೆಯದು, ಹುಡುಗನು ಕೇಳಿದ್ದು. ಅಲ್ಲಿ ನಿಂತಿದ್ದರೆ ಅದು ನೀರಿನಲ್ಲಿ ಬಿದ್ದು ಬಂದರನ್ನು ಮುಚ್ಚುತ್ತಿತ್ತು. ಆದರೆ ಪ್ಲಿನಿಯ ಕಾಲದ ಜನರು ಅದರ ಹೆಬ್ಬೆರಳನ್ನು ತಬ್ಬಿ ನೋಡಿದರು, ಪೊಳ್ಳುಗಳೊಳಗೆ ಇಣಿಕಿದರು. ಹಾಗಾದರೆ ಅದು ನೆಲದ ಮೇಲೆ ಬಿದ್ದಿತ್ತು.

ಅದು ನಿಂತ ಸ್ಥಳವು ಯಾವದೆಂಬದರಲ್ಲಿ ಇನ್ನೂ ಒಮ್ಮನಸ್ಸಿಲ್ಲ. ಬಂದರಿನ ಕಟ್ಟೆಯ ತುದಿಯಲ್ಲಿ, ಈಗ ಸಂತ ನಿಕೊಲಾಯನ ಕೋಟೆ ಇರುವಲ್ಲಿ, ಎಂದು ಕೆಲವರು. ಪಟ್ಟಣದ ಮೇಲಿರುವ ಗುಡ್ಡದಲ್ಲಿ ಎಂದು ಉರ್ಸುಲಾ ಫೆಡರ್ ಎಂಬ ಜರ್ಮನ್ ವಿದ್ವಾಂಸೆಯು 2015ರ ಗ್ರಂಥದಲ್ಲಿ. ಆದರೆ ಬಂದರಿನ ಎರಡು ದಡಗಳಲ್ಲಿ ಕಾಲೂರಿತ್ತೆಂಬದನ್ನು ಅವರೊಳಗೆ ಯಾರೂ ಒಪ್ಪುವದಿಲ್ಲ. ಆದರೂ ರೋದದ ಹಳೇ ಬಂದರಿನ ಬಾಯಲ್ಲಿ, ವಿಗ್ರಹದ ಪಾದಗಳಿದ್ದವೆಂದು ಜನರು ತೋರಿಸುವ ಎರಡು ಕಡೆಗಳಲ್ಲಿ, ಇಂದು ಎರಡು ಕಂಬಗಳು ನಿಂತಿವೆ. ಒಂದರ ಮೇಲೆ ಗಂಡು ಜಿಂಕೆ, ಇನ್ನೊಂದರ ಮೇಲೆ ಹೆಣ್ಣು ಜಿಂಕೆ. ಕಣ್ಣಿಗೆ ಒಮ್ಮೆ ಹತ್ತಿದ ಚಿತ್ರವು ಎಷ್ಟು ಗಟ್ಟಿ ನೋಡಿರಿ!

ತಿಳಿದವರ ಮಾತನ್ನು ಕೇಳಿ ಬರೆದ ಚಿತ್ರವೂ ಒಂದುಂಟು. ಸ್ಪೇನ್ ದೇಶದ ಸಾಲ್ವದೋರ್ ದಾಲಿ ಎಂಬ ಚಿತ್ರಗಾರನು 1954ರಲ್ಲಿ, ಮೇಲೆ ಹೇಳಿದ ಮೇರಿಯನನ ವಿಚಾರಗಳನ್ನು ಹಿಡಿದು, ತಗಡುಗಳನ್ನು ಹೊದಿಸಿದ, ಕಾಲು ಚಾಚದೆ ನಿಂತು ಕೈಯನ್ನು ಕಣ್ಣಿಗೆ ಮರೆಮಾಡಿಕೊಂಡ ವಿಗ್ರಹವನ್ನು ಬರೆದನು. ಅದು ಸ್ವಿಟ್ಜರ್ಲೆಂಡಿನ ಬೆರ್ನ್ ಪಟ್ಟಣದಲ್ಲಿದೆ. ಹಳೆಯದಕ್ಕಿಂತ ಇದು ನಂಬತಕ್ಕದ್ದು; ಆದರೂ ಇದೂ ಕಾಣದವನ ಕೈಯದೇ.

6. ನಾವು ಕಲಿಯತಕ್ಕದ್ದು

ಮುಂದಿನ ಆದಿತ್ಯವಾರ ನಾನು ಹಲಗೆಯ ಮುಂದೆ ನಿಂತು, "ಹೋದ ವಾರ ನಾನು ನಿಮಗೆ ಕಲಿಸಿದ್ದು ತಪ್ಪು, ಇವನು ಕೇಳಿದ್ದು ಸರಿ" ಎಂದು ಹೇಳಿದೆನು. ಸುಲಭವಾಗಿರಲಿಲ್ಲ. ಉಪದೇಶಿಯು ತಪ್ಪಿದನೆಂದು ಮಕ್ಕಳು ಮನೆಯಲ್ಲಿ ಹೇಳುವರು, ದೊಡ್ಡವರು ನಗುವರು ಎಂಬ ನಾಚಿಕೆ ನನ್ನೊಳಗಿತ್ತು. ಆದರೆ ಯಾರೂ ನಗಲಿಲ್ಲ. ಹುಡುಗನ ಅಜ್ಜನು ಆರಾಧನೆ ಮುಗಿದ ಮೇಲೆ ನನ್ನ ಬಳಿಗೆ ಬಂದು, "ಅಯ್ಯಾ, ಇನ್ನು ಮೇಲೆ ನೀವು ಹೇಳಿದ್ದನ್ನು ಅವನು ನಂಬುವನು" ಎಂದನು. ಆ ಮಾತು ನನಗೆ ಒಂದು ಪಾಠವಾಯಿತು. ಒಂದು ಸಣ್ಣ ಸುಳ್ಳನ್ನು ಹಿಡಿದುಕೊಂಡು ಕೂತರೆ, ನಾವು ಹೇಳುವ ದೊಡ್ಡ ಸತ್ಯವನ್ನೂ ಜನರು ನಂಬದೆ ಹೋಗುವರು.

ನಮ್ಮ ಮನೆಗಳ ಗೋಡೆಗಳಲ್ಲಿಯೂ ಸತ್ಯವೇದದ ಕಥೆಗಳ ಚಿತ್ರಗಳು ತೂಗುತ್ತವೆ. ದಮಸ್ಕದ ದಾರಿಯಲ್ಲಿ ಸೌಲನು ಕುದುರೆಯಿಂದ ಬೀಳುವ ಚಿತ್ರವನ್ನು ಯಾರು ನೋಡಲಿಲ್ಲ? ಆದರೆ ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯವನ್ನು ಓದಿರಿ. ಅವನು ನೆಲಕ್ಕೆ ಬಿದ್ದನೆಂದಿದೆ, ಕುದುರೆಯ ಮಾತೇ ಇಲ್ಲ. ಕುದುರೆಯು ಚಿತ್ರಗಾರರದು. ಇದರಿಂದ ಚಿತ್ರಗಳನ್ನು ಹರಿದುಹಾಕಬೇಕೆಂದು ನಾನು ಹೇಳುವದಿಲ್ಲ. ಓದಲರಿಯದವರಿಗೂ ಮಕ್ಕಳಿಗೂ ಅವು ಉಪಕಾರವೇ. ಆದರೆ ಚಿತ್ರವನ್ನು ಚಿತ್ರವೆಂದೂ ವಚನವನ್ನು ವಚನವೆಂದೂ ತಿಳಿದಿರಬೇಕು.

ಕಾಗದದ ಚಿತ್ರ ಮಾತ್ರವಲ್ಲ, ಬಾಯಿಮಾತಿನ ಚಿತ್ರಗಳೂ ಉಂಟು. ಇಂಥವನು ಇಂಥದನ್ನು ಮಾಡಿದನೆಂದು ಬಾವಿಯ ಕಟ್ಟೆಯಲ್ಲಿ ಒಬ್ಬರು ಹೇಳಿದರೆ, ಸಾಯಂಕಾಲದೊಳಗೆ ಅದು ಊರ ತುಂಬಾ ಕಣ್ಣಿಗೆ ಕಟ್ಟಿದಂತೆ ನಿಂತುಬಿಡುವದು. ಒಬ್ಬ ಸಹೋದರನ ಮಾನವು ಹೋಗುವದು. ಕಂಡವರು ಮಾತ್ರ ಒಬ್ಬರೂ ಇರುವದಿಲ್ಲ. ಆದದರಿಂದ ಚಿತ್ರವಾಗಲಿ ಸುದ್ದಿಯಾಗಲಿ ಬಂದಾಗ ಮೂರು ಮಾತುಗಳನ್ನು ಕೇಳಿರಿ: ಹೇಳಿದವನು ತಾನೇ ಕಂಡನೋ? ಕಾಣದಿದ್ದರೆ ಯಾರಿಂದ ಕೇಳಿದನು? ಅದು ನಡೆದದ್ದಕ್ಕೂ ಅವನು ಹೇಳಿದ್ದಕ್ಕೂ ನಡುವೆ ಎಷ್ಟು ಕಾಲ ಹೋಯಿತು? ಆ ಹುಡುಗನು ಇವುಗಳನ್ನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ತನ್ನ ಊರಿನ ಅಳಿವೆಯನ್ನು ಚೆನ್ನಾಗಿ ಅರಿತಿದ್ದನು, ಮತ್ತು ಅರಿತದ್ದನ್ನು ಬಿಟ್ಟುಕೊಡಲಿಲ್ಲ.

ಕೂಡಿ ಓದುವವರಿಗೆ ಪ್ರಶ್ನೆಗಳು

1. ರೋದದವರು ವಿಗ್ರಹವನ್ನು ಯಾವ ಹಣದಿಂದ, ಯಾವ ಕಾರಣಕ್ಕಾಗಿ ಮಾಡಿಸಿದರು?
2. ಪೌಲನು ರೋದಕ್ಕೆ ಬಂದಾಗ ಆ ವಿಗ್ರಹವು ಯಾವ ಸ್ಥಿತಿಯಲ್ಲಿತ್ತು? ಹೇಗೆ ಗೊತ್ತು?
3. ಕೊಲೊಸ್ಸೆಯು ಎಲ್ಲಿದ್ದ ಊರು? ಅದನ್ನು ರೋದವೆಂದು ಎಣಿಸಿದ್ದು ಯಾಕೆ?
4. ಹೇಮ್ಸ್ಕೆರ್ಕನ ರೋಮಿನ ಹಾಳೆಗಳಿಗೂ ರೋದದ ಚಿತ್ರಕ್ಕೂ ಇರುವ ಭೇದವೇನು?
5. ವಿಗ್ರಹವು ಬಂದರಿನ ಬಾಯಲ್ಲಿ ನಿಂತಿರಲಿಲ್ಲವೆಂಬದಕ್ಕೆ ನಾಲ್ಕು ಕಾರಣಗಳನ್ನು ಹೇಳಿರಿ.
6. ನಿಮ್ಮ ಮನೆಯಲ್ಲಿರುವ ಒಂದು ಸತ್ಯವೇದದ ಚಿತ್ರವನ್ನು ಆ ಅಧ್ಯಾಯದೊಂದಿಗೆ ಹೋಲಿಸಿ ನೋಡಿರಿ. ಚಿತ್ರಗಾರನು ಕೂಡಿಸಿದ್ದು ಏನಾದರೂ ಇದೆಯೋ?